ಮಹಾ ಸರೋವರಗಳ ತೂಬುಗಳು

ಸುಪೀರಿಯರ್, ಮಿಶಿಗನ್, ಹ್ಯೂರಾನ್, ಈರಿ, ಒಂಟಾರಿಯೊ. ಉತ್ತರ ಅಮೆರಿಕದ ಈ ಐದು ಸರೋವರಗಳ ಬಗ್ಗೆ ಬರೆಯುವವರು ಬಹಳ ಸಲ ವಿಸ್ತಾರ, ಆಳಗಳ ಪಟ್ಟಿ ಕೊಟ್ಟು ಮುಗಿಸುತ್ತಾರೆ. ಇವು ಎಲ್ಲಿ ಕೆಡುತ್ತವೆ, ಏಕೆ ಕೆಡುತ್ತವೆ ಎಂದು ತಿಳಿಯಬೇಕಾದರೆ ಒಂದರಿಂದ ಇನ್ನೊಂದಕ್ಕೆ ನೀರು ದಾಟುವ ಜಾಗಗಳನ್ನು ನೋಡಬೇಕು.

ಗುಂಡಿ ತೋಡಿದ್ದು ಹಿಮಯುಗದ ಲಾರೆಂಟೈಡ್ ಹಿಮಹಾಸು. ಹಳೆಯ ನದಿಕಣಿವೆಗಳ ಮೆತ್ತನೆಯ ಕಲ್ಲನ್ನು ಅದು ಕೆರೆದುಕೊಂಡು ಹೋಯಿತು. ಸುಮಾರು 14,000 ವರ್ಷಗಳ ಹಿಂದೆ ಹಿಮ ಹಿಂದೆ ಸರಿಯತೊಡಗಿದಂತೆ ಕರಗಿದ ನೀರು ಅಲ್ಲಿ ನಿಂತಿತು. ಭಾರ ಇಳಿದ ನೆಲ ಇಂದಿಗೂ ನಿಧಾನವಾಗಿ ಮೇಲೇಳುತ್ತಿದೆ. ಉತ್ತರದ ಅಂಚು ಹೆಚ್ಚು ಏಳುವುದರಿಂದ ಸುಪೀರಿಯರ್‌ನ ನೀರು ನೈರುತ್ಯದ ದಡದತ್ತ ವಾಲುತ್ತಿದೆ.

ಸುಪೀರಿಯರ್‌ನ ಮಟ್ಟ ಸಮುದ್ರದಿಂದ ಸುಮಾರು 183 ಮೀಟರ್ ಮೇಲೆ. ಸೇಂಟ್ ಮೇರೀಸ್ ನದಿ ಅಲ್ಲಿಂದ 176 ಮೀಟರ್ ಎತ್ತರದ ಹ್ಯೂರಾನ್‌ಗೆ ಇಳಿಯುತ್ತದೆ. ಮಿಶಿಗನ್ ಕೂಡ 176ರಲ್ಲೇ ಇದೆ. ನಡುವಿನ ಮ್ಯಾಕಿನಾ ಜಲಸಂಧಿ ಸಾಕಷ್ಟು ಅಗಲ, ಆಳ ಇರುವುದರಿಂದ ನೀರಿನ ಲೆಕ್ಕಕ್ಕೆ ಇವೆರಡೂ ಒಂದೇ ಸರೋವರ. ಈರಿ 174. ಅಲ್ಲಿಂದ ಒಂಟಾರಿಯೊಗೆ ಮಾತ್ರ ನೀರು 99 ಮೀಟರ್ ಕೆಳಗಿಳಿಯುತ್ತದೆ. ನಯಾಗರಾ ಇರುವುದು ಈ ಇಳಿತದಲ್ಲೇ.

ಮನುಷ್ಯ ತಿರುಗಿಸಬಲ್ಲ ತೂಬು ಎರಡೇ: ಸೇಂಟ್ ಮೇರೀಸ್ ಮೇಲಿನ 16 ಬಾಗಿಲುಗಳ ಕಟ್ಟೆ, ಒಂಟಾರಿಯೊದ ಕೆಳಗೆ ಸೇಂಟ್ ಲಾರೆನ್ಸ್ ನದಿಯ ಮೋಸೆಸ್–ಸಾಂಡರ್ಸ್ ಅಣೆಕಟ್ಟು. ನಡುವಿನ ಸರೋವರಗಳು ಮಳೆ, ಹಿಮ, ಆವಿಯ ಲೆಕ್ಕದಲ್ಲೇ ಏರಿಳಿಯುತ್ತವೆ. 2013ರ ಜನವರಿಯಲ್ಲಿ ಮಿಶಿಗನ್–ಹ್ಯೂರಾನ್ ದಾಖಲೆಯ ತಳಕ್ಕೆ ಇಳಿದವು. 2020ರಲ್ಲಿ ಅದೇ ದಡವನ್ನು ಮೇಲೇರಿದ ನೀರು ಕೊರೆಯಿತು. ಎರಡು ಸಲವೂ ಸೇಂಟ್ ಮೇರೀಸ್ ತೂಬಿನ ಮೇಲೆ ಸಿಟ್ಟಾದವರಿದ್ದರು. ಆ ತೂಬಿಗೆ ಅಷ್ಟು ಶಕ್ತಿ ಇಲ್ಲ. ಇನ್ನೊಂದು ಮಾತು: ಆವಿ ಹೆಚ್ಚು ಹೋಗುವುದು ಬೇಸಿಗೆಯಲ್ಲಿ ಅಲ್ಲ. ನೀರು ಇನ್ನೂ ಬೆಚ್ಚಗಿರುವಾಗ ಒಣ, ತಣ್ಣನೆಯ ಗಾಳಿ ಬೀಸುವ ಶರತ್ಕಾಲ ಮತ್ತು ಚಳಿಗಾಲದ ಆರಂಭದಲ್ಲಿ.

ಮೇಲಿನ ನಾಲ್ಕು ಸರೋವರಗಳಿಗೆ ನಯಾಗರಾ ಒಳ್ಳೆಯ ಕಾವಲಾಗಿತ್ತು, ಕೆಳಗಿನ ಮೀನು ಅದನ್ನು ಹತ್ತಲಾರದು. ಹಡಗಿಗಾಗಿ ಅಗೆದ ವೆಲ್ಯಾಂಡ್ ಕಾಲುವೆ ಆ ಕಾವಲನ್ನು ತಪ್ಪಿಸಿಕೊಂಡು ಹೋಗುವ ದಾರಿ ಮಾಡಿತು. ಬೇರೆ ಮೀನುಗಳ ರಕ್ತ ಹೀರುವ ಸಮುದ್ರ ಲ್ಯಾಂಪ್ರೆ ಎಂಬ ಮೀನು 1921ರಲ್ಲಿ ಈರಿಯಲ್ಲಿ, 1938ರಲ್ಲಿ ಸುಪೀರಿಯರ್‌ನಲ್ಲಿ ಕಾಣಿಸಿತು. ಟ್ರೌಟ್ ಮೀನುಗಾರಿಕೆ ನೆಲಕಚ್ಚಿತು. ತೆರೆದ ಸರೋವರದಲ್ಲಿ ಅದನ್ನು ಹಿಡಿದು ಮುಗಿಸಲಾಗದು. ಆದರೆ ಅದರ ಮರಿಗಳು ಕೆಲವು ವರ್ಷ ಹಳ್ಳಗಳ ಹೂಳಿನಲ್ಲೇ ಹುದುಗಿ ಬೆಳೆಯುತ್ತವೆ. ಆದ್ದರಿಂದ 1958ರಿಂದ ಟಿಎಫ್ಎಂ ಎಂಬ ಔಷಧವನ್ನು ಹಳ್ಳಗಳಿಗೇ ಹಾಕುತ್ತಾರೆ, ಅದೂ ಆ ನೀರಿನ ರಸಗುಣಕ್ಕೆ ತಕ್ಕ ಪ್ರಮಾಣದಲ್ಲಿ. ಕಡಿಮೆಯಾದರೆ ಲ್ಯಾಂಪ್ರೆ ಉಳಿಯುತ್ತದೆ, ಹೆಚ್ಚಾದರೆ ಬೇರೆ ಮೀನು ಸಾಯುತ್ತದೆ.

ಈರಿಯ ಕಷ್ಟ ಬೇರೆ. ಸುಪೀರಿಯರ್‌ನ ನೀರು ಪೂರ್ತಿ ಬದಲಾಗಲು 191 ವರ್ಷ ಬೇಕಾದರೆ ಇಲ್ಲಿ ಮೂರು ವರ್ಷವೂ ಬೇಡ. ಹಾಗಿದ್ದೂ ಪಶ್ಚಿಮದ ಭಾಗದಲ್ಲಿ ಆಳ ತೀರಾ ಕಡಿಮೆಯಾದ್ದರಿಂದ ನೀರು ಬೇಗ ಕಾಯುತ್ತದೆ. ಮೌಮಿ ನದಿ ಹೊಲಗಳಿಂದ ತರುವ ರಂಜಕ ಸೇರಿದರೆ ವಿಷದ ನೀಲಿಹಸಿರು ಪಾಚಿ ಹಬ್ಬುತ್ತದೆ. 2014ರ ಆಗಸ್ಟಿನಲ್ಲಿ ಈರಿ ದಡದ ಟೊಲೆಡೊ ನಗರದವರಿಗೆ ನಲ್ಲಿ ನೀರು ಕುಡಿಯಬೇಡಿ, ಕುದಿಸಲೂ ಬೇಡಿ ಎಂದು ಹೇಳಬೇಕಾಯಿತು. ಕುದಿಸಿದರೆ ನೀರು ಆವಿಯಾಗುತ್ತದೆ, ವಿಷ ಅಲ್ಲೇ ಉಳಿದು ಇನ್ನಷ್ಟು ಗಟ್ಟಿಯಾಗುತ್ತದೆ.