ಹಿಂದಿನ ಡಿಫರೆನ್ಷಿಯಲ್‌ನ ಗೊರಗೊರ

ನನ್ನ ಎರಡು ಸೀಟಿನ ಹಳೆಯ ಸ್ಪೋರ್ಟ್ಸ್ ಕಾರಿನ ಹಿಂಭಾಗದಿಂದ ಕಳೆದ ಹಿಂಗಾರಿನಲ್ಲಿ ಒಂದು ಸದ್ದು ಶುರುವಾಯಿತು. ವೇಗ 60 ದಾಟಿದರೆ ದೂರದಲ್ಲೆಲ್ಲೋ ಹಿಟ್ಟಿನ ಗಿರಣಿ ತಿರುಗುತ್ತಿರುವಂಥ ಗೊರಗೊರ. ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಅದು ಇನ್ನೂ ಜೋರು. ಹುಬ್ಬಳ್ಳಿಯ ಒಂದು ಗ್ಯಾರೇಜಿನವರು ಒಂದೇ ಸುತ್ತು ಓಡಿಸಿ ಬಂದು, “ಕ್ರೌನ್ ಹೋಗೇತ್ರಿ, ಪೂರಾ ಸೆಟ್ಟೇ ಹಾಕಬೇಕಾಕ್ಕೇತಿ” ಎಂದರು. ಎಂಜಿನ್ನಿನ ತಿರುಗುವಿಕೆಯನ್ನು ಹಿಂದಿನ ಎರಡೂ ಚಕ್ರಗಳಿಗೆ ಹಂಚುವ ಡಿಫರೆನ್ಷಿಯಲ್‌ನ ದೊಡ್ಡ ಹಲ್ಲುಚಕ್ರವೇ ಕ್ರೌನ್, ಅದನ್ನು ತಿರುಗಿಸುವ ಸಣ್ಣದು ಪಿನಿಯನ್; ಈ ಜೋಡಿಯೇ ಸೆಟ್ಟು. ಅದರ ಬೆಲೆ ಕೇಳಿ ಕಾರನ್ನು ಸುಮ್ಮನೆ ಮನೆಗೆ ತಂದೆ.

ಮರುದಿನ ನಸುಕಿನಲ್ಲೇ ಗದಗ ರಸ್ತೆ ಹಿಡಿದೆ. ಅಣ್ಣಿಗೇರಿಯ ಕಡೆಗೆ ಎರೆಹೊಲಗಳ ನಡುವೆ ನೇರವಾಗಿ ಸಾಗುವ ಆ ರಸ್ತೆ, ಆ ಹೊತ್ತಿನಲ್ಲಿ ಖಾಲಿಯಿದ್ದರೆ, ಕಾರಿನ ಸದ್ದು ಕೇಳುವುದಕ್ಕೆ ಹೇಳಿ ಮಾಡಿಸಿದಂತಿದೆ. ಒಂದೇ ವೇಗದಲ್ಲಿ ಎಡಕ್ಕೂ ಬಲಕ್ಕೂ ಮೆಲ್ಲಗೆ ವಾಲಿಸಿ ನೋಡಿದೆ. ಚಕ್ರದ ಬೇರಿಂಗ್ ಕೆಟ್ಟಿದ್ದರೆ ಭಾರ ಬಿದ್ದ ಬದಿಗೆ ಸದ್ದು ಏರಬೇಕಿತ್ತು, ಏರಲಿಲ್ಲ. ಹೊಸ ಡಾಂಬರಿನಿಂದ ಹಳೆಯ ಡಾಂಬರಿಗೆ ಬಂದಾಗಲೂ ಅದು ಬದಲಾಗಲಿಲ್ಲವಾದ್ದರಿಂದ ಟೈರಿನದ್ದೂ ಅಲ್ಲ. 80ರಲ್ಲೇ ನಾಲ್ಕನೇ ಗೇರಿನಿಂದ ಐದಕ್ಕೆ ಹಾಕಿದಾಗ ಎಂಜಿನ್ನಿನ ದನಿ ಇಳಿಯಿತು, ಗೊರಗೊರದ ಸ್ವರ ಮಾತ್ರ ಇದ್ದಲ್ಲೇ ಇತ್ತು. ಎಂದಮೇಲೆ ಉಳಿದದ್ದು ಡಿಫರೆನ್ಷಿಯಲ್. ಕಾಲು ತೆಗೆದಾಗ ಸದ್ದು ಹೆಚ್ಚುವುದರಿಂದ ಪಿನಿಯನ್ನಿನ ಬೇರಿಂಗ್ ಸಡಿಲವಾಗಿರಬಹುದು, ಹಲ್ಲುಗಳು ಇನ್ನೂ ಚೆನ್ನಾಗಿರಬಹುದು ಎಂಬ ಆಸೆಯೂ ಹುಟ್ಟಿತು.

ಕಾರನ್ನು ಲಾರಿಗಳ ಹೌಸಿಂಗ್ (ಡಿಫರೆನ್ಷಿಯಲ್‌ನ ಹೊರಕವಚ) ಬಿಚ್ಚುವ ಒಬ್ಬ ಹಿರಿಯ ಮಿಸ್ತ್ರಿಯ ಶೆಡ್ಡಿಗೆ ಒಯ್ದೆ. ಸ್ಪೋರ್ಟ್ಸ್ ಕಾರಾದರೇನು, ಲಾರಿಯಾದರೇನು, ಹಲ್ಲಿಗೆ ಹಲ್ಲು ಕೂಡುವ ಲೆಕ್ಕ ಒಂದೇ ಎಂಬುದು ಅವರ ವಾದ. ಗೇರ್‌ಬಾಕ್ಸಿನಿಂದ ಹಿಂದಕ್ಕೆ ಬರುವ ಪ್ರೊಪೆಲ್ಲರ್ ಶಾಫ್ಟ್ ಕಳಚಿ, ಅದು ಪಿನಿಯನ್ನಿಗೆ ಕೂಡುವ ಬಿಲ್ಲೆಯಾದ ಫ್ಲ್ಯಾಂಜ್ ಅನ್ನು ಮೇಲೆ ಕೆಳಗೆ ಅಲುಗಿಸಿದಾಗ ಕೈಗೆ ಕಟಕಟ ಎಂದು ತಾಗಿತು; ಅಲ್ಲಿ ಅಲುಗಾಟ ಇರಲೇಬಾರದು. ಡ್ರೇನ್ ಪ್ಲಗ್ ಬಿಚ್ಚಿದೊಡನೆ ಗಂಧಕದ ವಾಸನೆ ಶೆಡ್ಡನ್ನೆಲ್ಲ ತುಂಬಿತು. ಇದರೊಳಗಿರುವುದು 1926ರಲ್ಲಿ ಪ್ಯಾಕರ್ಡ್ ಕಾರಿನಲ್ಲಿ ಬಂದ ಹೈಪಾಯ್ಡ್ ಗೇರು, ಅಂದರೆ ಪಿನಿಯನ್ ಕ್ರೌನಿನ ಕೇಂದ್ರದಿಂದ ಸರಿದು ಕೂಡುವ ಬಗೆ; ಅದರಲ್ಲಿ ಹಲ್ಲುಗಳು ಉರುಳುವುದರ ಜೊತೆಗೆ ಒಂದರ ಮೇಲೊಂದು ಜಾರುತ್ತವೆ. ಆ ಒತ್ತಡವನ್ನು ತಡೆಯಲೆಂದೇ ಜಿಎಲ್-5 ಎಂಬ ದರ್ಜೆಯ ಗೇರ್ ಎಣ್ಣೆಗೆ ಗಂಧಕದ ಸಂಯುಕ್ತಗಳನ್ನು ಬೆರೆಸಿರುತ್ತಾರೆ. 1.2 ಲೀಟರ್ ಇರಬೇಕಾದ ಎಣ್ಣೆ ಮುಕ್ಕಾಲು ಲೀಟರೂ ಬರಲಿಲ್ಲ. ಪ್ಲಗ್ಗಿನ ಅಯಸ್ಕಾಂತಕ್ಕೆ ಬೂದು ಬಣ್ಣದ ಲೋಳೆ ಅಂಟಿತ್ತು, ಅದು ಸಹಜ; ಆದರೆ ಅದನ್ನು ಬೆರಳಲ್ಲಿ ತಿಕ್ಕಿದಾಗ ಗಸಗಸೆಯಷ್ಟು ಸಣ್ಣ, ಮಿನುಗುವ ಚೂರುಗಳು ಸಿಕ್ಕವು.

ಮೂಲ ಕಾರಣ ಅದಕ್ಕಿಂತ ಮೇಲಿತ್ತು. ಹೌಸಿಂಗ್‌ನ ಒಳಗಿನ ಬಿಸಿಗಾಳಿ ಹೊರಹೋಗಲು ಇರುವ ಬ್ರೀದರ್‌ನ ಬಾಯಿಗೆ ಎರೆಮಣ್ಣು ಗಟ್ಟಿಯಾಗಿ ಕೂತಿತ್ತು. ಎರಡು ಮಳೆಗಾಲ ಊರಿನ ಹೊಲದ ದಾರಿಯಲ್ಲಿ ಆ ಕಾರನ್ನು ಓಡಿಸಿದ ಜಾಣತನ ನನ್ನದೇ. ದಾರಿ ಕಾಣದ ಒತ್ತಡ ಪಿನಿಯನ್ ಸೀಲಿನ ಮೂಲಕ ಎಣ್ಣೆಯನ್ನು ಹೊರದೂಡಿದೆ. ಪಿನಿಯನ್ನಿನ ಎರಡು ಬೇರಿಂಗ್‌ಗಳಲ್ಲಿ ಮುಂಭಾಗದ್ದಕ್ಕೆ ಕ್ರೌನ್ ವೀಲ್ ಎರಚಿದ ಎಣ್ಣೆಯೇ ಆಧಾರವಾದ್ದರಿಂದ, ಮಟ್ಟ ಇಳಿದಾಗ ಮೊದಲು ಒಣಗಿದ್ದು ಅದೇ.

ಬಿಚ್ಚುವ ಮೊದಲು ಮಿಸ್ತ್ರಿ ಡಯಲ್ ಗೇಜ್ ಇಟ್ಟು ಹಲ್ಲುಗಳ ನಡುವಿನ ಸಡಿಲು 0.13 ಮಿಲಿಮೀಟರ್ ಎಂದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದರು. ಬೇರಿಂಗ್ ಕ್ಯಾಪುಗಳು ಎಡಬಲ ಅದಲುಬದಲಾಗದಂತೆ ಪಂಚಿನಿಂದ ಗುರುತು ಹೊಡೆದರು. ಪಿನಿಯನ್ನಿನ ಆಳವನ್ನು ನಿರ್ಧರಿಸುವ ಹಳೆಯ ಶಿಮ್ ಎಂಬ ತೆಳು ಬಿಲ್ಲೆಯನ್ನು ಹಾಗೆಯೇ ಉಳಿಸಿ, ಎರಡೂ ಬೇರಿಂಗ್, ಸೀಲ್ ಮತ್ತು ಅವೆರಡು ಬೇರಿಂಗ್‌ಗಳ ನಡುವಿನ ಕೊಳವೆಯಾದ ಕ್ರಶ್ ಸ್ಲೀವ್ ಮಾತ್ರ ಹೊಸದು ಹಾಕುವುದೆಂದಾಯಿತು.

ಕಷ್ಟದ ಕೆಲಸವೆಂದರೆ ಪಿನಿಯನ್ ನಟ್. ಅದನ್ನು ಬಿಗಿಮಾಡಿದಂತೆ ಸ್ಲೀವ್ ಕುಗ್ಗುತ್ತದೆ, ಬೇರಿಂಗ್‌ಗಳ ಮೇಲಿನ ಒತ್ತಡ ಏರುತ್ತದೆ. ಕುಗ್ಗಿದ ಸ್ಲೀವ್ ಮತ್ತೆ ಹಿಗ್ಗದಾದ್ದರಿಂದ, ಒಮ್ಮೆ ಹೆಚ್ಚಾದರೆ ನಟ್ ಸಡಿಲಿಸಿ ಸರಿಪಡಿಸುವಂತಿಲ್ಲ. 5 ಸೆಂಟಿಮೀಟರ್ ತ್ರಿಜ್ಯದ ಫ್ಲ್ಯಾಂಜಿಗೆ ದಾರ ಸುತ್ತಿ ಸ್ಪ್ರಿಂಗ್ ತಕ್ಕಡಿಯಿಂದ ಎಳೆದಾಗ ಸುಮಾರು 3 ಕಿಲೋಗೆ ಅದು ಒಂದೇ ಸಮನೆ ತಿರುಗಬೇಕು, ಕೈಪಿಡಿಯ 1.5 ನ್ಯೂಟನ್ ಮೀಟರ್ ಎಂದರೆ ಅಷ್ಟೇ. 2 ಕಿಲೋ ಬಂದಾಗ ನಾನು “ಇನ್ನೊಂಚೂರು” ಎಂದೆ. ತಕ್ಕಡಿಯ ಮುಳ್ಳು 5ಕ್ಕೆ ಹೋಗಿ ನಿಂತಿತು. ಮಿಸ್ತ್ರಿ ನನ್ನ ಕಡೆ ನೋಡಿ ಬೀಡಿ ಹಚ್ಚಿದರು. ಬೆಂಗಳೂರಿನಿಂದ ಇನ್ನೊಂದು ಸ್ಲೀವ್ ಬರಲು ಹನ್ನೊಂದು ದಿನ ಕಾಯಬೇಕಾಯಿತು, ಎರಡನೆಯ ಸಲ ನಾನು ಚಹಾ ತರಲು ಹೋದಾಗಲೇ ಅವರು ನಟ್ ಬಿಗಿದು ಮುಗಿಸಿದ್ದರು.

ಕೊನೆಗೆ ಸಿಂಧೂರಕ್ಕೆ ಎಣ್ಣೆ ಕಲಸಿ ಕ್ರೌನ್ ವೀಲಿನ ಹಲ್ಲುಗಳಿಗೆ ಸವರಿ ತಿರುಗಿಸಿದರು. ಗುರುತು ಹಲ್ಲಿನ ತುದಿಗೂ ಏರದೆ ಬುಡಕ್ಕೂ ಇಳಿಯದೆ ನಟ್ಟನಡುವೆ ಮೂಡಿತು. ಸಡಿಲು ಗೋಡೆಯ ಮೇಲಿನ ಅಂಕಿಗೇ ಬಂದು ಕೂತಿತು. ಬ್ರೀದರ್‌ಗೆ ಒಂದು ರಬ್ಬರ್ ನಳಿಕೆ ಸಿಕ್ಕಿಸಿ ಅದರ ಬಾಯಿಯನ್ನು ಕಾರಿನ ಡಿಕ್ಕಿಯ ತಳದವರೆಗೆ ಎತ್ತರಿಸಿದೆವು.

ಮತ್ತೆ ಅದೇ ಗದಗ ರಸ್ತೆ, ಅದೇ 80. ಕಾಲು ತೆಗೆದರೂ ಎಂಜಿನ್ನು ಮತ್ತು ಗಾಳಿಯ ಸದ್ದಷ್ಟೇ ಇತ್ತು. 800 ಕಿಲೋಮೀಟರ್ ಓಡಿಸಿದ ಮೇಲೆ ಎಣ್ಣೆ ಬದಲಿಸುವಾಗ ಅಯಸ್ಕಾಂತವನ್ನು ಬೆರಳಲ್ಲಿ ತಿಕ್ಕಿ ನೋಡಿದೆ. ಬರೀ ಬೂದು ಲೋಳೆ.