ರಾತ್ರಿ ಎರಡು ಗಂಟೆಗೆ ಮೋಟಾರ್ ವಿಡಿಯೊ ನೋಡೋರು ಯಾರು?

ಸುಟ್ಟ ಮೋಟಾರಿಗೆ ಮತ್ತೆ ಮೊದಲಿನ ಹಾಗೇ ತಂತಿ ಸುತ್ತಬೇಕು ಅಂದ್ರೆ, ಬಿಚ್ಚಿದ ತಕ್ಷಣ ಲೆಕ್ಕ ಬರೆದುಕೊಳ್ಳಬೇಕು. ತಂತಿ ಕೂರೋ ಸ್ಲಾಟು ಎಷ್ಟು, ಒಂದೊಂದು ಕಾಯಿಲಿಗೆ ಎಷ್ಟು ಸುತ್ತು, ತಂತಿ ಯಾವ ಗೇಜು, ಯಾವ ತುದಿ ಎಲ್ಲಿಗೆ ಸೇರಿತ್ತು. ನಮ್ಮಪ್ಪ ಇದನ್ನೆಲ್ಲ ಹಳೇ ಮದುವೆ ಕಾಗದಗಳ ಹಿಂದೆ ಬರೆದಿಡೋರು. ನನಗೆ ಬರೆಯೋದು ಅಂದ್ರೆ ಸ್ಕೂಲಿಂದಲೂ ಅಲರ್ಜಿ. 2017ರಲ್ಲಿ ಹೊಸ ಫೋನ್ ತಗೊಂಡ ಮೇಲೆ, ಬಿಚ್ಚುವಾಗಲೇ ವಿಡಿಯೊ ಮಾಡಿಟ್ಟುಕೊಳ್ಳೋಕೆ ಶುರು ಮಾಡಿದೆ. ಎರಡೇ ತಿಂಗಳಿಗೆ ಫೋನ್ ತುಂಬಿಹೋಯ್ತು. ಯೂಟ್ಯೂಬಲ್ಲಿ ಹಾಕಿಟ್ಟರೆ ಬೇಕಾದಾಗ ನೋಡ್ಕೋಬಹುದಲ್ಲ ಅಂತ ಹಾಕಿದೆ. ಅದನ್ನ ಬೇರೆಯವರೂ ನೋಡ್ತಾರೆ ಅನ್ನೋದು ತಲೇಲೇ ಇರಲಿಲ್ಲ.

ಮಂಡ್ಯದ ಗುತ್ತಲು ರಸ್ತೆ ಕಡೆ ನಮ್ಮದು ಹತ್ತಕ್ಕೆ ಹನ್ನೆರಡು ಅಡಿಯ ರಿವೈಂಡಿಂಗ್ ಅಂಗಡಿ, ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತೋದು. ಬೆಂಚ್ ವೈಸಿಗೆ ಸೈಕಲ್ ಟ್ಯೂಬಿನ ತುಂಡು ಸುತ್ತಿ, ಅದರಲ್ಲಿ ಫೋನ್ ಕಚ್ಚಿಸಿದರೆ ಅದೇ ನನ್ನ ಟ್ರೈಪಾಡು. ಒಂದ್ಸಲ ಫೋನ್ ಜಾರಿ, ಕಾಯಿಲ್ ಶಾರ್ಟ್ ಆಗದಿರಲಿ ಅಂತ ಹಾಕೋ ವಾರ್ನಿಷ್ ಟ್ರೇಗೆ ಬಿತ್ತು. ಅಪ್ಪ, "ಬುಡು, ಇನ್ಮೇಲೆ ಅದಕ್ಕೆ ಶಾರ್ಟ್ ಆಗಲ್ಲ" ಅಂದ್ರು.

ಹೋಗ್ತಾ ಹೋಗ್ತಾ ಇದು ಹುಚ್ಚಾಯ್ತು. ಸಂಜೆ ಅಂಗಡಿ ಬಾಗಿಲು ಅರ್ಧ ಎಳೆದು, ಬೇಕಂತಲೇ ಸ್ಕ್ರ್ಯಾಪ್ ಮೋಟಾರ್ ತಂದು ಬಿಚ್ಚಿ ಶೂಟ್ ಮಾಡ್ತಿದ್ದೆ. ಹಿಂದೆ ರೇಡಿಯೊ ಹಾಡ್ತಾ ಇದ್ರೆ ಚೆನ್ನಾಗಿರುತ್ತೆ ಅನ್ಕೊಂಡಿದ್ದೆ. ಆಮೇಲೆ ಗೊತ್ತಾಯ್ತು, ಅರ್ಧ ನಿಮಿಷ ಸಿನಿಮಾ ಹಾಡು ಕೇಳಿಸಿದರೂ ಕಾಪಿರೈಟ್ ಕ್ಲೇಮ್ ಬಂದು ಆ ವಿಡಿಯೊದ ದುಡ್ಡು ಹಾಡಿನವರಿಗೆ ಹೋಗಬಹುದು. ಆಗ ನನಗೆ ದುಡ್ಡೇ ಬರ್ತಿರಲಿಲ್ಲ, ಅದು ಬೇರೆ ಮಾತು.

ಉದ್ದದ ವಿಡಿಯೊ ಹಾಕೋರಿಗೆ ಜಾಹೀರಾತಿನ ದುಡ್ಡು ಬರಬೇಕು ಅಂದ್ರೆ 1,000 ಸಬ್‌ಸ್ಕ್ರೈಬರು, ಹನ್ನೆರಡು ತಿಂಗಳೊಳಗೆ 4,000 ಗಂಟೆ ವೀಕ್ಷಣೆ ಆಗಬೇಕು. ಸುಮಾರು ಜನಕ್ಕೆ ಸಬ್‌ಸ್ಕ್ರೈಬರು ಬೇಗ ಸಿಗ್ತಾರೆ, ಗಂಟೆ ತುಂಬೋದು ಕಷ್ಟ. ಚಿಕ್ಕ ಚಿಕ್ಕ ವಿಡಿಯೊಗಳ ಶಾರ್ಟ್ಸ್ ಫೀಡಲ್ಲಿ ನೋಡಿದ್ದು ಆ 4,000ದ ಲೆಕ್ಕಕ್ಕೆ ಬರೋದೂ ಇಲ್ಲ. ನನ್ನದು ಉಲ್ಟಾ. ಏಳುನೂರು ಚಿಲ್ಲರೆ ಸಬ್‌ಸ್ಕ್ರೈಬರು, ಆದ್ರೆ ಗಂಟೆ ಆಗಲೇ ತುಂಬಿಹೋಗಿತ್ತು. ನಲವತ್ತು ನಿಮಿಷದ, ಎಲ್ಲೂ ಕತ್ತರಿಸದ ವಿಡಿಯೊನ ಕೂತು ಪೂರ್ತಿ ನೋಡೋರು ಯಾರಪ್ಪ ಅಂತ ನನಗೇ ಆಶ್ಚರ್ಯ.

ವೀಕ್ಷಕರು ಯಾವ ಹೊತ್ತಲ್ಲಿ ಯೂಟ್ಯೂಬಲ್ಲಿರ್ತಾರೆ ಅಂತ, ಚಾನೆಲ್ ಲೆಕ್ಕ ತೋರಿಸೋ ಯೂಟ್ಯೂಬ್ ಸ್ಟುಡಿಯೊದಲ್ಲಿ ನೇರಳೆ ಬಣ್ಣದ ಪಟ್ಟಿಗಳು ಬರ್ತವೆ. ಎಲ್ಲರದ್ದೂ ಸಂಜೆ ಏಳೆಂಟಕ್ಕೆ ಗಾಢವಾಗಿರುತ್ತೆ ಅಂತ ಕೇಳಿದ್ದೆ. ನನ್ನದು ರಾತ್ರಿ ಒಂದರಿಂದ ನಾಲ್ಕಕ್ಕೆ! ಫಾರಿನ್‌ನಲ್ಲಿರೋ ಕನ್ನಡದವರು ಇರಬೇಕು ಅಂತ ಒಳಗೊಳಗೇ ಬೀಗಿದ್ದೆ.

ಆ ಜಂಬ ಇಳಿಸಿದ್ದು ನಮ್ಮ ಸೋದರಮಾವ. ಮದ್ದೂರು ತಾಲ್ಲೂಕಿನ ಕೊನೆಯಲ್ಲಿ ಅವರ ಗದ್ದೆ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ನೀರು ಅಲ್ಲಿಗೆ ತಲುಪಿದ್ರೆ ಹಬ್ಬ, ಇಲ್ಲಾಂದ್ರೆ ಬೋರ್‌ವೆಲ್ಲೇ ಗತಿ.

"ನಮ್ ಕರೆಂಟ್ ಫೀಡರ್‌ಗೆ ಈ ವಾರ ರಾತ್ರಿ ಪಾಳಿ ಕಣ್ಲಾ. ಹನ್ನೆರಡಕ್ಕೆ ತ್ರೀಫೇಸ್ ಕೊಡ್ತಾರೆ, ಬೆಳಗಾನ ಕಬ್ಬಿಗೆ ನೀರ್ ಕಟ್ತಾ ಇರಬೇಕು. ನಿದ್ದೆ ಬರಬಾರ್ದು ಅಂತ ನಿನ್ ವಿಡಿಯೊ ಹಾಕ್ಕಂಡಿರ್ತೀನಿ."

"ನಿದ್ದೆ ಬರಲ್ವಾ ಮಾವ?"

"ಬತ್ತದೆ. ಏಳೋವಷ್ಟೊತ್ಗೂ ನೀನಿನ್ನೂ ಸುತ್ತಾ ಇರ್ತೀಯ."

ಮಾವ ನೋಡ್ತಿದ್ದದ್ದೂ ಪೂರ್ತಿ ನಿಜವಲ್ಲ, ಫೋನ್ ಜೇಬಲ್ಲಿಟ್ಟು ಕೇಳ್ತಿದ್ದರು. ಕೈಯಲ್ಲಿ ಗುದ್ದಲಿ, ಟಾರ್ಚು ಇರುವಾಗ ಪರದೆ ಯಾರು ನೋಡ್ತಾರೆ? ಕ್ಯಾಮೆರಾಗೆ ಅಂತ ಕೂಡಿಟ್ಟ ದುಡ್ಡಲ್ಲಿ ಕಾಲರಿಗೆ ಸಿಕ್ಕಿಸೋ ಮೈಕ್ ತಗೊಂಡೆ. "ಇಲ್ಲಿ ನೋಡಿ, ಇದನ್ನ ಹೀಗೆ" ಅನ್ನೋದು ಬಿಟ್ಟೆ. ಕೆಂಪು ವೈರ್, ಎಡಗಡೆ ಟರ್ಮಿನಲ್, ಮೇಲಿನ ನಟ್ಟು ಅಂತ ಬಾಯಲ್ಲೇ ಹೇಳೋದು ಕಲಿತೆ. ಚಾನೆಲ್ ಏರಿದ್ದು ಅಲ್ಲಿಂದ. ಥಂಬ್‌ನೇಲಿಗೆ ಬಾಯಿ ಬಿಟ್ಟ ಫೋಟೊ ಹಾಕೋ ವಿದ್ಯೆಯನ್ನೂ ಆರು ತಿಂಗಳು ಮಾಡಿ ನೋಡಿದ್ದೆ, ಹಲ್ಲು ಕಂಡಿದ್ದೇ ಲಾಭ.

ಮೊದಲು ಓಡಿದ ವಿಡಿಯೊ, ಸುಟ್ಟ ಕಾಯಿಲ್ ನೋಡಿ ಕಾರಣ ಹೇಳೋದು. ಮೂರೂ ಫೇಸಿನ ಕಾಯಿಲಿನ ಒಂದೊಂದು ತುದಿ ಒಟ್ಟಿಗೆ ಸೇರಿಸಿದ್ದು ಸ್ಟಾರ್ ಕನೆಕ್ಷನ್. ಅಂಥ ಮೋಟಾರಿಗೆ ಓಡ್ತಾ ಓಡ್ತಾ ಒಂದು ಫೇಸ್ ಹೋದರೆ ಎರಡು ಫೇಸಿನ ಕಾಯಿಲ್ ಇದ್ದಿಲಾಗಿರುತ್ತೆ, ಮೂರನೇದು ಹೊಸದರ ಹಾಗೆ ಹೊಳೀತಿರುತ್ತೆ. ಒಂದರ ತುದಿ ಇನ್ನೊಂದಕ್ಕೆ ಸೇರಿಸಿ ತ್ರಿಕೋನ ಮಾಡಿದ ಡೆಲ್ಟಾ ಆದ್ರೆ ಒಂದೇ ಫೇಸು ಸುಟ್ಟಿರುತ್ತೆ. ಮೂರೂ ಒಂದೇ ಸಮ ಕರಿಯಾಗಿದ್ರೆ ಓವರ್‌ಲೋಡೋ, ವೋಲ್ಟೇಜ್ ಬಿದ್ದಿದ್ದೋ ಇರುತ್ತೆ. ಅಪ್ಪ ಮೂವತ್ತು ವರ್ಷದಿಂದ ಇದನ್ನ ಅಂಗಡಿಗೆ ಬಂದೋರಿಗೆಲ್ಲ ಹೇಳಿದ್ದಾರೆ. ಯಾರೂ ಲೈಕ್ ಕೊಟ್ಟಿರಲಿಲ್ಲ.

ಅದಕ್ಕಿಂತ ಜಾಸ್ತಿ ಓಡಿದ್ದು ಒಂದಿತ್ತು. ಮೂರು ಫೇಸ್ ಇಲ್ಲದಾಗ ಕಂಡೆನ್ಸರ್ ಹಾಕಿ ಮೋಟಾರ್ ಓಡಿಸೋದು ಹೇಗೆ ಅಂತ. ಆರು ಲಕ್ಷ ವ್ಯೂಸ್. ಹಾಗೆ ಓಡಿಸಿದರೆ ಮೂರೂ ಕಾಯಿಲಿಗೆ ಸಮ ಕರೆಂಟ್ ಹರಿಯಲ್ಲ, ಮೋಟಾರ್ ಕಾದು ಕೂರುತ್ತೆ ಅಂತ ನನಗೆ ಗೊತ್ತಿತ್ತು. ಕೊನೇ ನಿಮಿಷದಲ್ಲಿ ಹೇಳಿಯೂ ಇದ್ದೆ. ಕೊನೇ ನಿಮಿಷದವರೆಗೆ ಯಾರು ಕಾಯ್ತಾರೆ? ಮಳವಳ್ಳಿ ಕಡೆಯವರೊಬ್ಬರು ಸುಟ್ಟ ಮೋಟಾರನ್ನ ಆಟೊದಲ್ಲಿ ಹಾಕ್ಕೊಂಡು ಬಂದು, "ನೀವ್ ಹೇಳ್ದಂಗೇ ಮಾಡಿದ್ದೆ ಕಣಣ್ಣ" ಅಂದ್ರು. ಬೈಯೋಕಲ್ಲ, ನನ್ನನ್ನ ನೋಡಿದ ಖುಷಿಗೆ. ಅಪ್ಪ ನನ್ನ ಮುಖ ನೋಡಲಿಲ್ಲ, ಸುಮ್ಮನೆ ಸ್ಪ್ಯಾನರ್ ತಗೊಂಡು ಬಿಚ್ಚೋಕೆ ಕೂತರು. ತಂತಿ ದುಡ್ಡು ಮಾತ್ರ ತಗೊಂಡು ಸುತ್ತಿಕೊಟ್ಟೆವು. ಆವತ್ತು ರಾತ್ರಿ ಆ ವಿಡಿಯೊ ಅಳಿಸಿದೆ. ಮುಂದಿನ ತಿಂಗಳ ದುಡ್ಡು ಅರ್ಧಕ್ಕರ್ಧ ಇಳೀತು. "ಅಣ್ಣ, ಕಂಡೆನ್ಸರ್ ವಿಡಿಯೊ ಎಲ್ಲಿ" ಅಂತ ಈಗಲೂ ಕೇಳ್ತಾರೆ.

ದುಡ್ಡಿನ ವಿಷಯ ಕೇಳೋರಿಗೆ: ಉದ್ದದ ವಿಡಿಯೊದ ಜಾಹೀರಾತಿನಲ್ಲಿ ಬರೋದರಲ್ಲಿ ನಮಗೆ ನೂರಕ್ಕೆ 55. ಹತ್ತು ಡಾಲರ್ ಆದಾಗ, ದುಡ್ಡು ಕಳಿಸೋ ಗೂಗಲ್ ಆಡ್‌ಸೆನ್ಸಿನ ಪಿನ್ ಅಂಚೆಯಲ್ಲಿ ಬರುತ್ತೆ, ನೂರು ದಾಟಿದ ಮೇಲೇ ಬ್ಯಾಂಕಿಗೆ. ಮೊದಲ ಸಲ ಬಂದಾಗ ಅಪ್ಪ ಕೇಳಿದ್ದು ಒಂದೇ: "ಇದ್ರಾಗೆ ಎಷ್ಟ್ ಕೆಜಿ ತಂತಿ ಬತ್ತದೆ?" ಒಂದು ಲಕ್ಷ ಸಬ್‌ಸ್ಕ್ರೈಬರಿಗೆ ಯೂಟ್ಯೂಬ್ ಕಳಿಸಿದ ಬೆಳ್ಳಿ ಬಟನ್ ಗೋಡೆ ಮೇಲಿದೆ. ಅದರ ಡಬ್ಬಿ ಗಟ್ಟಿಯಾಗಿತ್ತು, ಈಗ ಅಪ್ಪ ಅದರಲ್ಲಿ ಇನ್ಸುಲೇಷನ್ ಪೇಪರಿನ ಪಟ್ಟಿ ತುಂಬಿಟ್ಟಿದ್ದಾರೆ.

ಈ ವಾರ ಮಾವನ ಫೀಡರ್‌ಗೆ ಹಗಲು ಪಾಳಿ, ರಾತ್ರಿ ನಿದ್ದೆ ಮಾಡ್ತಿದ್ದಾರಂತೆ. ನನ್ನ ಗ್ರಾಫಲ್ಲಿ ಎರಡು ಗಂಟೆ ಪಟ್ಟಿ ಮಾತ್ರ ಹಾಗೇ ಇದೆ. ಬೇರೆ ಯಾವುದೋ ಊರಿನವರು ಎದ್ದಿದ್ದಾರೆ.