ಅಂಬಾಸಿಡರ್ ಇಳಿಸುವ ಮೊದಲು ಬ್ರೇಕು

ಹಳೇ ಗಾಡಿ ನೆಲಕ್ಕೆ ಒಂಚೂರು ಹತ್ತಿರ ಕೂತರೆ ಚಂದ, ಅದರಲ್ಲಿ ಎರಡು ಮಾತಿಲ್ಲ. ಆದರೆ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ, ಅಲ್ಲಿಂದ ಕಾರವಾರಕ್ಕೆ ಓಡಾಡುವ ಗಾಡಿಗೆ ಮೊದಲು ಬ್ರೇಕು, ಆಮೇಲೆ ಚಂದ. ಮಳೆಗಾಲ ಮುಗಿದ ಮೇಲೆ ಶಿರಸಿಯ ಗ್ಯಾರೇಜಿಗೆ ಬಂದ ಪೆಟ್ರೋಲ್ ಮಾರ್ಕ್ 3 ಅಂಬಾಸಿಡರಿನ ಕೆಲಸ ಹಿಡಿದದ್ದು ಇದೇ ಕ್ರಮದಲ್ಲಿ. ಮಾಲೀಕರು ಕೇಳಿದ್ದು ಮಾತ್ರ ಬೇರೆ: "ನಾಲ್ಕೂ ಕಡೆ ಎರಡೆರಡು ಇಂಚು ಇಳಿಸಿ ಕೊಟ್ಟುಬಿಡಿ ಮಾರಾಯ್ರೇ."

ಈ ಗಾಡಿಯ ಹಳೆಯ ಬ್ರೇಕ್ ಒಂದೇ ಸರ್ಕ್ಯೂಟಿನದು, ಅಂದರೆ ನಾಲ್ಕೂ ಚಕ್ರಕ್ಕೆ ಆಯಿಲ್ ಹೋಗುವ ದಾರಿ ಒಂದೇ. ಚಕ್ರದ ಬಳಿ ಬ್ರೇಕ್ ಶೂ ಒತ್ತುವ ಒಂದು ವೀಲ್ ಸಿಲಿಂಡರ್ ಸೋರಿದರೂ ನಾಲ್ಕೂ ಚಕ್ರದ ಬ್ರೇಕ್ ಹೋಯಿತು. ಚಕ್ರದ ಜೊತೆ ತಿರುಗುವ ಮುಂದಿನ ಡ್ರಮ್ಮಿನೊಳಗೆ ಎರಡೂ ಲೀಡಿಂಗ್ ಶೂ. ಗಾಡಿ ಮುಂದೆ ಹೋಗುವಾಗ ಡ್ರಮ್ ತಿರುಗುವ ರಭಸವೇ ಶೂಗಳನ್ನು ಒಳಗಿಂದ ಇನ್ನಷ್ಟು ಒತ್ತುತ್ತದೆ, ಹಾಗಾಗಿ ಪೆಡಲ್ ಹಗುರ. ಅದೇ ಗಾಡಿ ಏರಿನಲ್ಲಿ ನಿಂತು ಹಿಂದಕ್ಕೆ ಜಾರಿತೆನ್ನಿ, ಆ ಎರಡೂ ಶೂ ಉಲ್ಟಾ ಕೆಲಸ ಮಾಡುತ್ತವೆ, ಹಿಡಿತ ಬಹಳ ತಗ್ಗುತ್ತದೆ. ಘಟ್ಟದ ಏರಿನಲ್ಲಿ ಲಾರಿಯ ಹಿಂದೆ ನಿಂತಾಗ ಹ್ಯಾಂಡ್‌ಬ್ರೇಕ್ ಎಳೆಯಿರಿ ಎಂದು ಹಳೇ ಡ್ರೈವರುಗಳು ಹೇಳುತ್ತಿದ್ದುದು ಸುಮ್ಮನೆ ಅಲ್ಲ.

ಇಳಿಜಾರಿನ ತೊಂದರೆ ಬೇರೆ. ಡ್ರಮ್ ಕಾದಾಗ ಹಿಗ್ಗಿ ಶೂವಿನಿಂದ ದೂರ ಸರಿಯುತ್ತದೆ. ಶೂವಿನ ಮೇಲೆ ಅಂಟಿಸಿದ ಲೈನಿಂಗಿನ ಹಿಡಿತ ತಗ್ಗುತ್ತದೆ, ಪೆಡಲ್ ಕೆಳಕೆಳಗೆ ಹೋಗುತ್ತದೆ. ಜೊತೆಗೆ ನಮ್ಮ ಮಳೆಗಾಲ. ನೀರು ನಿಂತ ರಸ್ತೆ ದಾಟಿದ ಮೇಲೆ ಡ್ರಮ್ಮಿನೊಳಗಿನ ನೀರು ಒಣಗುವವರೆಗೆ ಬ್ರೇಕ್ ನಂಬುವಂತಿಲ್ಲ. ಮುಂದಿನ ಚಕ್ರಗಳಿಗೆ ಡಿಸ್ಕ್, ಅಂದರೆ ತಿರುಗುವ ತಟ್ಟೆಯನ್ನು ಎರಡೂ ಕಡೆಯಿಂದ ಪ್ಯಾಡ್ ಹಿಡಿಯುವ ಬ್ರೇಕ್, ಹಾಕುವುದಕ್ಕೆ ಇವೆರಡೇ ಕಾರಣ ಸಾಕು.

ಕೊನೆಯ ವರ್ಷಗಳ ಅಂಬಾಸಿಡರುಗಳಿಗೆ ಕಂಪನಿಯಿಂದಲೇ ಮುಂದೆ ಡಿಸ್ಕ್ ಬಂದಿತ್ತು. ಗುಜರಿಗೆ ಹೋದ ಅಂಥ ಗಾಡಿಯಿಂದ ಚಕ್ರ ಕೂರುವ ಸ್ಟಬ್ ಆಕ್ಸಲ್, ಹಬ್, ಡಿಸ್ಕ್, ಪ್ಯಾಡ್ ಒತ್ತುವ ಕ್ಯಾಲಿಪರ್ ಎಲ್ಲವನ್ನೂ ಒಂದೇ ಸೆಟ್ಟಾಗಿ ತರುವುದು ಲೇಸು. ಬೇರೆ ಕಾರಿನ ಕ್ಯಾಲಿಪರಿಗೆ ಬ್ರಾಕೆಟ್ ವೆಲ್ಡ್ ಮಾಡಿ ಕೂರಿಸುವವರಿದ್ದಾರೆ. ಬ್ರೇಕಿನ ಪೂರ್ತಿ ಎಳೆತ ಆ ಒಂದು ವೆಲ್ಡಿನ ಮೇಲೆ ಬೀಳುತ್ತದೆ, ಅದಕ್ಕೆ ನಮ್ಮ ಒಪ್ಪಿಗೆ ಇಲ್ಲ.

ಡಿಸ್ಕ್ ಹಾಕಿದರೆ ಕೆಲಸ ಮುಗಿಯಿತು ಅಂದುಕೊಳ್ಳುವಲ್ಲಿಂದ ಎಡವಟ್ಟು ಶುರು. ಡಿಸ್ಕಿಗೆ ಲೀಡಿಂಗ್ ಶೂವಿನ ಹಾಗೆ ತಾನೇ ಒತ್ತಿಕೊಳ್ಳುವ ಗುಣ ಇಲ್ಲ, ವ್ಯಾಕ್ಯೂಮಿನ ಬಲದಿಂದ ಪೆಡಲಿಗೆ ನೆರವಾಗುವ ಬೂಸ್ಟರ್ ಇಲ್ಲದಿದ್ದರೆ ಪೆಡಲ್ ಕಲ್ಲಿನಂತಾಗುತ್ತದೆ. ಪೆಟ್ರೋಲ್ ಎಂಜಿನ್ನಿಗೆ ಮ್ಯಾನಿಫೋಲ್ಡಿನಿಂದ ವ್ಯಾಕ್ಯೂಮ್ ಸಿಗುತ್ತದೆ. ಡೀಸೆಲ್ ಗಾಡಿಗೆ ವ್ಯಾಕ್ಯೂಮ್ ಪಂಪ್ ಬೇಕೇ ಬೇಕು. ಎರಡನೆಯದು ಪೆಡಲ್ ತುಳಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್. ಡ್ರಮ್ಮಿಗೆಂದು ಮಾಡಿದ್ದರೊಳಗೆ ಲೈನಿನಲ್ಲಿ ಸುಮಾರು 10 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಒತ್ತಡ ಉಳಿಸುವ ವಾಲ್ವ್ ಇರುತ್ತದೆ. ಅದನ್ನು ಹಾಗೇ ಬಿಟ್ಟರೆ ಪ್ಯಾಡ್ ಸದಾ ಡಿಸ್ಕಿಗೆ ಉಜ್ಜುತ್ತದೆ, ಹತ್ತು ಕಿಲೋಮೀಟರ್ ಹೋಗುವಷ್ಟರಲ್ಲಿ ಹಬ್ ಮುಟ್ಟಲಾಗದಷ್ಟು ಬಿಸಿ. ಹಾಗೆಂದು ವಾಲ್ವನ್ನು ಪೂರ್ತಿ ತೆಗೆದರೂ ಕಷ್ಟ. ಮಾಸ್ಟರ್ ಸಿಲಿಂಡರ್ ನೆಲದ ಕೆಳಗೆ, ಕ್ಯಾಲಿಪರಿಗಿಂತ ತಗ್ಗಿನಲ್ಲಿದ್ದರೆ ಆಯಿಲ್ ಹಿಂದಕ್ಕೆ ಇಳಿದು, ಮೊದಲ ಸಲ ತುಳಿದ ಪೆಡಲ್ ಖಾಲಿ ಹೋಗುತ್ತದೆ. ಅಲ್ಲಿ ಮುಂದಿನ ಲೈನಿಗೆ 2 ಪಿಎಸ್‌ಐ, ಹಿಂದಿನ ಡ್ರಮ್ಮಿಗೆ 10. ಈ ಗಾಡಿಗೆ ಎರಡು ಸರ್ಕ್ಯೂಟಿನ ಟ್ಯಾಂಡಮ್ ಮಾಸ್ಟರ್ ಸಿಲಿಂಡರ್ ಕೂರಿಸಿ, ಮುಂದಿನದು ಹಿಂದಿನದು ಬೇರೆ ಮಾಡಿದ್ದಾಯಿತು.

ಬಿಚ್ಚಿದ ರಬ್ಬರ್ ಹೋಸ್ ಒಂದನ್ನು ಉದ್ದಕ್ಕೆ ಸೀಳಿ ನೋಡಿದರೆ, ಹೊರಗೆ ಹೊಸದರಂತೆ ಹೊಳಪು, ಒಳಗೆ ರಬ್ಬರ್ ಊದಿ ಸೂಜಿ ಹೋಗುವಷ್ಟೇ ತೂತು. ಪೆಡಲ್ ತುಳಿದಾಗ ಆಯಿಲ್ ಹೋಗುತ್ತದೆ, ಬಿಟ್ಟಾಗ ವಾಪಸ್ ಬರುವುದಿಲ್ಲ. ಗಾಡಿ ಒಂದು ಕಡೆ ಎಳೆಯುತ್ತದೆ ಎಂಬ ದೂರಿಗೆ ಎಷ್ಟೋ ಸಲ ಅಲೈನ್‌ಮೆಂಟ್ ಅಲ್ಲ, ಇದೇ ಕಾರಣ. ಸ್ಟೀಲ್ ಪೈಪ್ ಕಾರವಾರದ ಉಪ್ಪು ಗಾಳಿಗೆ ಕ್ಲಿಪ್ಪಿನ ಅಡಿಯಲ್ಲೇ ತುಕ್ಕು ತಿನ್ನುತ್ತದೆ. ತಾಮ್ರ ನಿಕಲ್ ಬೆರೆಸಿದ ಕ್ಯುಪ್ರೋನಿಕಲ್ ಪೈಪಿಗೆ ತುದಿಯಲ್ಲಿ ಡಬಲ್ ಫ್ಲೇರ್ ಮಾಡಿ, ಅಂದರೆ ಬಾಯಿ ಅಗಲಿಸಿ ಎರಡು ಪದರ ಮಡಚಿ, ಹಾಕಬೇಕು. ಬರೀ ತಾಮ್ರದ ಪೈಪ್ ನಡುಗಿ ನಡುಗಿ ಗಡುಸಾಗಿ ಸೀಳುತ್ತದೆ.

ಬ್ರೇಕ್ ಆಯಿಲ್ ಡಾಟ್ 4 ದರ್ಜೆಯದು. ಹೊಸದಾಗಿದ್ದಾಗ 230 ಡಿಗ್ರಿಯವರೆಗೆ ಕುದಿಯಬಾರದು ಎಂಬುದು ಅದರ ಕನಿಷ್ಠ ಮಟ್ಟ. ತೇವ ಹೀರಿದ ಮೇಲೆ ಅದು 155ಕ್ಕೆ ಇಳಿಯುತ್ತದೆ. ಕರಾವಳಿಯ ತೇವದಲ್ಲಿ ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಕೂಡಲೇ ಬದಲಿಸುವುದು ಒಳ್ಳೆಯದು. ಲೈನಿನ ಏರ್ ತೆಗೆಯುವಾಗ ಮಾಸ್ಟರ್ ಸಿಲಿಂಡರಿಗೆ ದೂರದ ಚಕ್ರದಿಂದ ಶುರು: ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. ಕ್ಯಾಲಿಪರ್ ಜರುಗುವ ಸ್ಲೈಡ್ ಪಿನ್ನಿಗೆ ಸಿಲಿಕೋನ್ ಗ್ರೀಸ್ ಮಾತ್ರ. ಬೇರಿಂಗ್ ಗ್ರೀಸ್ ತಾಗಿದರೆ ರಬ್ಬರ್ ಉಬ್ಬಿ ಪಿನ್ ಸಿಕ್ಕಿಕೊಳ್ಳುತ್ತದೆ.

ಇಷ್ಟಾದ ಮೇಲೆ ಇಳಿಸುವ ಕೆಲಸ. ಅಂಬಾಸಿಡರಿನ ಮುಂದೆ ಕಾಯಿಲ್ ಸ್ಪ್ರಿಂಗ್ ಇಲ್ಲ, ಉದ್ದಕ್ಕೆ ಮಲಗಿದ ಟಾರ್ಷನ್ ಬಾರ್, ಅಂದರೆ ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಸರಳು. ಕತ್ತರಿಸುವ ಮಾತೇ ಬರುವುದಿಲ್ಲ, ಬಾರಿನ ತುದಿಯ ಹಲ್ಲು ಬದಲಿಸಿ ಕೂರಿಸಬೇಕು. ಮೇಲಿನ ಜಾಯಿಂಟ್ ಬಿಚ್ಚುವ ಮೊದಲು ಚಕ್ರ ಹಿಡಿದಿರುವ ಕೆಳಗಿನ ಆರ್ಮಿಗೆ (ತೋಳಿಗೆ) ಜಾಕ್ ಕೊಟ್ಟಿರಬೇಕು. ಬಾರಿನಲ್ಲಿ ತಿರುಚಿಕೊಂಡಿರುವ ಶಕ್ತಿ ಒಮ್ಮೆಲೇ ಬಿಟ್ಟರೆ ಕೈ ಮುರಿಯುತ್ತದೆ. ಜಾಕ್ ನಿಧಾನಕ್ಕೆ ಇಳಿಸಿ, ಬಾರ್ ಪೂರ್ತಿ ಸಡಿಲವಾದಾಗ ಆರ್ಮಿನ ತುದಿ ಎಲ್ಲಿ ನಿಲ್ಲುತ್ತದೆ ಎಂದು ಗುರುತು ಹಾಕಿಕೊಳ್ಳಿ. ಆ ಸಡಿಲ ಸ್ಥಿತಿಯಲ್ಲಿ ತುದಿಯನ್ನು ಎಷ್ಟು ಮೇಲಕ್ಕೆ ಕೂರಿಸುತ್ತೀರೋ ಹೆಚ್ಚುಕಡಿಮೆ ಅಷ್ಟೇ ಗಾಡಿ ಕೆಳಗೆ ಬರುತ್ತದೆ. ಲೆಕ್ಕ ಹೀಗೆ: 48 ಹಲ್ಲಿದೆ ಎಂದಿಟ್ಟುಕೊಂಡರೆ ಒಂದು ಹಲ್ಲಿಗೆ 7.5 ಡಿಗ್ರಿ, ಆರ್ಮ್ 250 ಮಿಲಿಮೀಟರ್ ಇದ್ದರೆ ತುದಿ ಸುಮಾರು 33 ಮಿಲಿಮೀಟರ್ ಜರುಗುತ್ತದೆ. ನಿಮ್ಮ ಬಾರಿನ ಹಲ್ಲು ಎಣಿಸಿ, ಆರ್ಮ್ ಅಳೆದೇ ಮುಂದುವರಿಯಿರಿ.

ಎಡದ ಬಾರ್ ಎಡಕ್ಕೇ, ಬಲದ್ದು ಬಲಕ್ಕೇ. ಒಂದೊಂದೂ ತನ್ನ ಕಡೆಯ ದಿಕ್ಕಿಗೇ ತಿರುಚಿ ಹದಗೊಂಡಿರುತ್ತದೆ, ಅದಲು ಬದಲಾದರೆ ಕೆಲವೇ ದಿನದಲ್ಲಿ ಗಾಡಿ ಕುಸಿಯುತ್ತದೆ, ಇಲ್ಲವೇ ಬಾರ್ ತುಂಡಾಗುತ್ತದೆ. ಬಾರಿನ ಮೇಲೆ ಪೈಪ್ ರೆಂಚ್ ಹಾಕಬೇಡಿ, ಚಾಣದಿಂದ ಗುರುತು ಕೊರೆಯಬೇಡಿ. ಉಗುರಿಗೆ ತಾಗುವಷ್ಟು ಗೀರಿದ್ದರೂ ಬಿರುಕು ಅಲ್ಲಿಂದಲೇ ಹೊರಡುತ್ತದೆ. ಗುರುತಿಗೆ ಬಿಳಿ ಪೇಂಟ್ ಸಾಕು.

ಹಲ್ಲು ಬದಲಿಸಿದರೆ ಎತ್ತರ ಇಳಿಯುತ್ತದೆ, ಗಡಸುತನ ಹೆಚ್ಚುವುದಿಲ್ಲ. ಆರ್ಮ್ ಮೇಲೆ ಬಡಿಯದಂತೆ ತಡೆಯುವ ಬಂಪ್ ರಬ್ಬರಿಗೆ ಇರುವ ಅಂತರ ಮಾತ್ರ ಕಡಿಮೆಯಾಗುತ್ತದೆ. ಎರಡಿಂಚು ಬೇಡ ಎಂದು ಹಟ ಹಿಡಿದದ್ದು ಇದಕ್ಕೇ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪ್ 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ. ನಮ್ಮೂರ ಶಾಲೆ ಮುಂದಿನ ಹಂಪ್ ಆ ಅಗಲ ಯಾವತ್ತೂ ಕಂಡದ್ದಿಲ್ಲ. ಕೊನೆಗೆ 30 ಮಿಲಿಮೀಟರಿಗೆ ಮಾಲೀಕರು ಒಪ್ಪಿದರು. ಮುಂದಿನ ಲಿವರ್ ಶಾಕಿನಲ್ಲಿ (ತೋಳಿರುವ ಶಾಕ್ ಅಬ್ಸಾರ್ಬರಿನಲ್ಲಿ) ಆಯಿಲ್ ಇಳಿದಿದ್ದರೆ ಅಥವಾ ಅದರ ಬುಷ್ ಸವೆದಿದ್ದರೆ ಈ ಕೆಲಸ ಮಾಡಿಯೂ ಪ್ರಯೋಜನವಿಲ್ಲ. ಶಾಕಿನ ತೋಳೇ ಮೇಲಿನ ಆರ್ಮ್ ಆದ್ದರಿಂದ ಅದು ಅಲುಗಿದರೆ ಚಕ್ರವೂ ಅಲುಗುತ್ತದೆ.

ಹಿಂದೆ ಪ್ಲೇಟ್ ಸ್ಪ್ರಿಂಗ್. ಒಂದು ಪ್ಲೇಟ್ ತೆಗೆದು ಇಳಿಸುವುದು ಸುಲಭ, ಆದರೆ ಉಳಿದವು ಬೇಗ ತುಂಡಾಗುತ್ತವೆ, ಗೇರ್ ಹಾಕಿದಾಗ ಆಕ್ಸಲ್ ತಿರುಚುತ್ತದೆ. ಆಕ್ಸಲ್ಲಿಗೂ ಸ್ಪ್ರಿಂಗಿಗೂ ನಡುವೆ 30 ಮಿಲಿಮೀಟರಿನ ಸ್ಟೀಲ್ ಬ್ಲಾಕ್ ಸರಿಯಾದ ದಾರಿ. ಸ್ಪ್ರಿಂಗ್ ಆಕ್ಸಲ್ಲಿನ ಕೆಳಗಿದ್ದರೆ ಮಾತ್ರ ಇದು ನಡೆಯುತ್ತದೆ. ಲಾರಿಯ ಹಾಗೆ ಮೇಲಿದ್ದರೆ ಬ್ಲಾಕ್ ಗಾಡಿಯನ್ನು ಎತ್ತಿಬಿಡುತ್ತದೆ. ಸೆಂಟರ್ ಬೋಲ್ಟಿನ ತಲೆ ಬ್ಲಾಕಿನ ಕುಳಿಯಲ್ಲಿ ಕೂರಬೇಕು, ಆಕ್ಸಲ್ಲನ್ನು ಸ್ಪ್ರಿಂಗಿಗೆ ಬಿಗಿಯುವ ಯು ಬೋಲ್ಟ್ ಹೊಸದು ಮತ್ತು ಅಷ್ಟೇ ಉದ್ದ ಹೆಚ್ಚಿನದು ಬೇಕು. 500 ಕಿಲೋಮೀಟರ್ ಓಡಿದ ಮೇಲೆ ಅದನ್ನು ಮತ್ತೆ ಬಿಗಿಯಬೇಕು.

ರಬ್ಬರ್ ಬುಷ್ ಇರುವ ಬೋಲ್ಟುಗಳ ಕೊನೆಯ ಬಿಗಿತ ಗಾಡಿ ನೆಲದ ಮೇಲೆ ತನ್ನ ಭಾರದಲ್ಲಿ ನಿಂತ ಮೇಲೇ. ಜಾಕಿನ ಮೇಲೆ ಬಿಗಿದರೆ ಬುಷ್ ತಿರುಚಿದ ಸ್ಥಿತಿಯಲ್ಲೇ ಕೂತು ಹರಿಯುತ್ತದೆ. ಎತ್ತರ ಬದಲಾದರೆ ಟೋ, ಅಂದರೆ ಮುಂದಿನ ಚಕ್ರಗಳು ಒಳಕ್ಕೋ ಹೊರಕ್ಕೋ ಮುಖ ಮಾಡಿರುವ ಮಟ್ಟ, ಕೂಡ ಬದಲಾಗುತ್ತದೆ. ಹಾಗಾಗಿ ಅಲೈನ್‌ಮೆಂಟ್ ಎಲ್ಲಕ್ಕಿಂತ ಕೊನೆಗೆ.

ಹೊಸ ಪ್ಯಾಡ್ ಮೊದಲ 200 ಕಿಲೋಮೀಟರ್ ಸಪಾಟು ರಸ್ತೆಯಲ್ಲಿ ಕೂತುಕೊಳ್ಳಲಿ, ಘಟ್ಟ ಆಮೇಲೆ. ದೇವಿಮನೆ ಇಳಿಸುವಾಗ ಎರಡನೇ ಗೇರಿನಲ್ಲಿ ಎಂಜಿನ್ನಿಗೇ ಭಾರ ಕೊಟ್ಟು, ಬ್ರೇಕನ್ನು ಬಿಟ್ಟು ಬಿಟ್ಟು ಒತ್ತಿ. ಕೆಳಗೆ ಬಂದು ನಿಲ್ಲಿಸಿ ನಾಲ್ಕೂ ಹಬ್ಬಿನ ಹತ್ತಿರ ಕೈ ಹಿಡಿದು ನೋಡಿ. ಮುಂದಿನ ಎರಡರ ಬಿಸಿ ಸಮ ಇರಬೇಕು. ಒಂದರದು ಹೆಚ್ಚಿದ್ದರೆ ಆ ಕಡೆಯ ಸ್ಲೈಡ್ ಪಿನ್ ಅಥವಾ ಹೋಸ್.

ಕಾಗದದ ವಿಷಯ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ಅದರ ಮೇಲೆ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಕೊಟ್ಟ ತೀರ್ಪು, ಎರಡೂ ತಯಾರಕರ ಮೂಲ ವಿವರಕ್ಕೆ ಹೊರತಾದ ಬದಲಾವಣೆಗೆ ಅಡ್ಡಿ. ಐವತ್ತು ವರ್ಷ ದಾಟಿದ ಗಾಡಿಯನ್ನು 2021ರ ನಿಯಮದಂತೆ ವಿಂಟೇಜ್ ಎಂದು ನೋಂದಾಯಿಸುವ ಯೋಚನೆ ಇದ್ದರೆ ಮೂಲ ರೂಪ ಉಳಿದಿರಬೇಕು. ಕಾರವಾರದ ಕೆಎ 30 ಇರಲಿ, ಶಿರಸಿಯ ಕೆಎ 31 ಇರಲಿ, ಸ್ಪ್ಯಾನರ್ ಹಿಡಿಯುವ ಮೊದಲು ಆರ್‌ಟಿಓ ಕಚೇರಿಯಲ್ಲಿ ಲಿಖಿತವಾಗಿ ಕೇಳಿ. ಬಿಚ್ಚಿದ ಡ್ರಮ್, ಬ್ಯಾಕ್ ಪ್ಲೇಟ್, ಹಳೇ ಯು ಬೋಲ್ಟ್ ಗುಜರಿಗೆ ಹಾಕದೆ ಗ್ರೀಸ್ ಸವರಿ ಗೋಣಿಯಲ್ಲಿ ಕಟ್ಟಿಡಿ, ವಾಪಸ್ ಹಾಕಬೇಕಾಗಿ ಬಂದರೆ ಈ ಮಾಡೆಲ್ಲಿನವು ಈಗ ಅಷ್ಟು ಸುಲಭಕ್ಕೆ ಸಿಗುವುದಿಲ್ಲ.